ಪರದೇಶದ ಪರವಾನಿಗೆ

ಊರು ಬಿಟ್ಟು ದೂರ ಹೋಗುವ ಮನುಷ್ಯನು ತನ್ನ ಸಂಗಡ ಏನೇನನ್ನು ಒಯ್ಯಬಲ್ಲ? ವಿಜಯಪುರದ ಕಡೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ದುಡಿಯಲು ಹೋದವರ ನಾಡು ನಮ್ಮದು. ಕಡಕ್ ರೊಟ್ಟಿಯನ್ನು ಒಯ್ಯಬಹುದು, ಸೇಂಗಾ ಹಿಂಡಿಯನ್ನು ಒಯ್ಯಬಹುದು. ಮಾತಿನ ಧಾಟಿಯನ್ನಂತೂ ಬಿಟ್ಟು ಹೋಗೋಣವೆಂದರೂ ಅದು ಬಿಡುವುದಿಲ್ಲ. ಉದ್ಯೋಗದ ನಿಮಿತ್ತ ನಾನು ಕನಮಡಿಯಿಂದ ಇಂಗ್ಲೆಂಡಿಗೆ ಹೊರಟಾಗ ಇವೆಲ್ಲವೂ ನನ್ನೊಡನೆ ಇದ್ದವು. ಅಂಗಿಯ ಕಿಸೆಯಲ್ಲಿ ಇನ್ನೊಂದು ವಸ್ತುವಿತ್ತು: ಹತ್ತು ವರ್ಷಗಳಿಂದ ನನ್ನ ಯೋಗ್ಯತೆಗೆ ಸಾಕ್ಷಿಯಾಗಿದ್ದ ಡ್ರೈವಿಂಗ್ ಲೈಸೆನ್ಸು. ರೊಟ್ಟಿ ಹಿಂಡಿಗಳು ಸುಖವಾಗಿ ಕಡಲು ದಾಟಿದವು. ಲೈಸೆನ್ಸೂ ದಾಟಿತು, ಆದರೆ ಅತಿಥಿಯಾಗಿ. ಅದೂ ಒಂದೇ ವರ್ಷದ ಮಟ್ಟಿಗೆ.

ಆ ಕಾಗದಕ್ಕೆ ಅಲ್ಲಿ ನೆಲೆ ಏಕೆ ಸಿಗಲಿಲ್ಲ, ಸಿಗಬೇಕಾಗಿತ್ತೇ, ಎಂಬುದು ನೋಡಲಿಕ್ಕೆ ಸಣ್ಣ ವಿಷಯ. ಸರಕಾರಿ ಕಚೇರಿಯ ಕಿಟಕಿಯಲ್ಲಿ ಮುಗಿಯಬೇಕಾದ ಮಾತು ಎಂದು ಯಾರಾದರೂ ಅಂದಾರು. ಆದರೆ ಅದನ್ನು ಹಿಡಿದುಕೊಂಡು ಹೋದವನಿಗೆ ಅದು ತನ್ನ ಮನೆಯ ಬಾಗಿಲಿಗೇ ಬಂದು ನಿಂತಿತು. ಆ ಕಥೆಯನ್ನು ಓದುಗರ ಮುಂದೆ ಇಡುತ್ತೇನೆ.

ಕನಮಡಿ ಗಡಿಯ ಊರು. ಈಗ ತಿಕೋಟಾ ತಾಲೂಕಿಗೆ ಸೇರಿದೆ. ಊರ ಹೊರಗೆ ಸ್ವಲ್ಪ ದೂರ ಹೋದರೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು, ಮಹಾರಾಷ್ಟ್ರ. ಜತ್ತ 1948ರವರೆಗೆ ಒಂದು ಸಂಸ್ಥಾನವಾಗಿತ್ತು. ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಜತ್ತ ಆಚೆಗೇ ಉಳಿಯಿತು. ಭೂಪಟದ ಮೇಲೆ ಗೆರೆ ಮೂಡಿತಾದರೂ ಡೋಣಿ ಹೊಳೆ ಜತ್ತದ ಕಡೆ ಹುಟ್ಟಿ ಯಾರ ಅಪ್ಪಣೆಯನ್ನೂ ಕೇಳದೆ ನಮ್ಮ ಕಡೆಗೆ ಹರಿದು ಬರುತ್ತದೆ. ಬೀಗತನಗಳು ಹಾಗೆಯೇ ನಡೆದಿವೆ. ಕೆ.ಎ. 28ರ ಗಾಡಿಗಳು ಆಚೆಗೂ, ಎಂ.ಎಚ್. 10ರ ಗಾಡಿಗಳು ಈಚೆಗೂ ದಿನಬೆಳಗಾದರೆ ಓಡಾಡುತ್ತವೆ. 1988ರ ಮೋಟಾರು ವಾಹನ ಕಾಯಿದೆಯ ಹದಿಮೂರನೆಯ ಕಲಮು ಹೇಳುವಂತೆ ಈ ದೇಶದಲ್ಲಿ ಎಲ್ಲಿ ಕೊಟ್ಟ ಲೈಸೆನ್ಸೂ ದೇಶದ ತುಂಬ ನಡೆಯುತ್ತದೆ. ಭಾಷೆ ಬದಲಾಗಲಿ, ಬೋರ್ಡಿನ ಮೇಲಿನ ಅಕ್ಷರ ಬದಲಾಗಲಿ, ಕಾಗದ ಒಂದೇ. ಹೀಗೆ ಗಡಿಯೆಂಬುದನ್ನು ದಿನಾಲು ದಾಟಿ ಅದರ ಗೊಡವೆಯನ್ನೇ ಮರೆತವನು ನಾನು. ಆದುದರಿಂದ ಇನ್ನೊಂದು ಗಡಿಯಲ್ಲಿ ನನ್ನ ಕಾಗದವನ್ನು ನಿಲ್ಲಿಸಿದಾಗ ಸಿಟ್ಟು ಸ್ವಲ್ಪ ಹೆಚ್ಚಾಗಿಯೇ ಬಂತು.

ಬ್ರಿಟನ್ನಿನ ನಿಯಮ ಹೀಗಿದೆ. ಭಾರತದಿಂದ ಅಲ್ಲಿಗೆ ವಾಸಕ್ಕೆ ಹೋದವನು ತನ್ನ ಲೈಸೆನ್ಸಿನ ಮೇಲೆ ಹನ್ನೆರಡು ತಿಂಗಳು ಕಾರು ನಡೆಸಬಹುದು. ಆಮೇಲೆ ನಡೆಸಬೇಕಾದರೆ ಹದಿನೇಳರ ಹುಡುಗನಂತೆ ಮೊದಲಿನಿಂದ ಪರೀಕ್ಷೆಗೆ ಕೂಡಬೇಕು. ಕೆಲವು ದೇಶಗಳ ಒಂದು ಪಟ್ಟಿಯುಂಟು. ಆಸ್ಟ್ರೇಲಿಯ, ಜಪಾನು, ಸಿಂಗಾಪುರಗಳಂಥವು ಅದರಲ್ಲಿವೆ. ಆ ದೇಶಗಳವರು ತಮ್ಮ ಲೈಸೆನ್ಸನ್ನು ಕೊಟ್ಟು ಬ್ರಿಟನ್ನಿನದನ್ನು ಬದಲಿಗೆ ಪಡೆಯಬಹುದು. ಭಾರತ ಆ ಪಟ್ಟಿಯಲ್ಲಿಲ್ಲ. ನಮ್ಮಲ್ಲಿ ಸಿಗುವ ಅಂತರರಾಷ್ಟ್ರೀಯ ಪರವಾನಿಗೆಗೆ 1949ರ ಜಿನೀವಾ ಒಪ್ಪಂದದ ಆಧಾರವುಂಟು. ಅದರ ಆಯುಷ್ಯವೂ ಒಂದು ವರ್ಷ. ಅದು ಪ್ರವಾಸಿಗಾಗಿ ಮಾಡಿದ್ದು, ಮನೆ ಮಾಡಿ ನಿಲ್ಲುವವನಿಗಲ್ಲ. ಜರ್ಮನಿಗೆ ಹೋದ ನಮ್ಮವರಿಗೆ ಇಷ್ಟೂ ಇಲ್ಲ, ಆರೇ ತಿಂಗಳು.

ನನಗೆ ಅನಿಸಿತು: ರಸ್ತೆಯ ಎಡಕ್ಕೆ ನಡೆಯುವುದನ್ನು ನಮಗೆ ಕಲಿಸಿದವರೇ ಇವರು. ಸ್ವೀಡನ್ನಿನವರಂತೆ ನಾವು ಪಥ ಬದಲಿಸಿದವರೂ ಅಲ್ಲ. ಅವರು 1967ರ ಸೆಪ್ಟೆಂಬರ್ 3ರ ಒಂದು ಬೆಳಗಿನಲ್ಲಿ ಇಡೀ ದೇಶವನ್ನೇ ಎಡದಿಂದ ಬಲಕ್ಕೆ ಸರಿಸಿದರು. ನಾವು ಇದ್ದ ಕಡೆಗೇ ಇದ್ದೇವೆ. ವಿಜಯಪುರದ ಗಾಂಧಿ ಚೌಕಿನ ಸಂಜೆಯಲ್ಲಿ ಟಾಂಗಾ, ಟಂಟಂ, ಎಮ್ಮೆ, ಬಸ್ಸುಗಳ ನಡುವೆ ಕಾರು ತೂರಿಸಿದವನಿಗೆ ಇವರ ಖಾಲಿ ಬೀದಿಯ ಪರೀಕ್ಷೆಯೇ? ಇದು ಅಪಮಾನ, ಇದರ ಹಿಂದೆ ಬಣ್ಣದ ಮಾತಿದೆ ಎಂದು ನಾಲ್ಕಾರು ಜನ ಗೆಳೆಯರ ಮುಂದೆ ಭಾಷಣವನ್ನೂ ಮಾಡಿದೆ. ಎಲ್ಲರೂ ಒಪ್ಪಿದರು. ಪರೀಕ್ಷೆಗೆ ಕೂಡದವರು ಬಲು ಬೇಗ ಒಪ್ಪುತ್ತಾರೆ.

ಸಿಟ್ಟಿನಲ್ಲಿದ್ದವನು ಸ್ವಲ್ಪ ಇತಿಹಾಸ ಓದುವುದು ಒಳ್ಳೆಯದು. ಕಾರನ್ನು ಮಾಡಿದ ಕಾರ್ಲ್ ಬೆಂಜ್‌ನಿಗೇ ಅದನ್ನು ಬೀದಿಯಲ್ಲಿ ನಡೆಸಲು ಪರವಾನಿಗೆ ಬೇಕಾಯಿತು. ಅದರ ಗದ್ದಲಕ್ಕೂ ವಾಸನೆಗೂ ಮಾನ್‌ಹೈಮ್ ಊರಿನ ಜನ ಬೇಸತ್ತಿದ್ದರು. 1888ರಲ್ಲಿ ಬಾಡೆನ್ ಸಂಸ್ಥಾನದ ಅಧಿಕಾರಿಗಳು ಅವನಿಗೆ ಬರೆದುಕೊಟ್ಟ ಅನುಮತಿಯನ್ನೇ ಲೈಸೆನ್ಸುಗಳ ಮೂಲಪುರುಷ ಎನ್ನುತ್ತಾರೆ. ನನಗೆ ಇದು ಬಹಳ ಅರ್ಥವುಳ್ಳದ್ದಾಗಿ ಕಂಡಿತು. ಆ ಯಂತ್ರವನ್ನು ಅವನಿಗಿಂತ ಚೆನ್ನಾಗಿ ಬಲ್ಲವನು ಭೂಮಿಯ ಮೇಲೆ ಇನ್ನೊಬ್ಬನಿರಲಿಲ್ಲ. ಆದರೂ ಕೇಳಬೇಕಾಯಿತು. ಯಂತ್ರ ಅವನದು, ಬೀದಿ ಅವನೊಬ್ಬನದಾಗಿರಲಿಲ್ಲ.

ಇನ್ನು ಬ್ರಿಟನ್ನು. ಅಲ್ಲಿ ಲೈಸೆನ್ಸು ಬಂದದ್ದು 1903ರ ಕಾಯಿದೆಯಿಂದ. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ಐದು ಶಿಲಿಂಗು ಕೊಟ್ಟರೆ ಮುಗಿಯಿತು. ಮೂವತ್ತು ವರ್ಷ ಹೀಗೆಯೇ ನಡೆಯಿತು. 1934ರಲ್ಲಿ ಅಲ್ಲಿಯ ರಸ್ತೆಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅದೂ ಇಂದಿನ ಲೆಕ್ಕಕ್ಕೆ ಕೈಬೆರಳೆಣಿಕೆಯಷ್ಟು ಕಾರುಗಳಿದ್ದಾಗ. ಆಮೇಲೆ, 1935ರ ಜೂನ್ 1ರಿಂದ, ಹೊಸಬರಿಗೆ ಪರೀಕ್ಷೆ ಕಡ್ಡಾಯವಾಯಿತು. ಅಂದರೆ ಅವರೂ ಹುಟ್ಟುತ್ತಲೇ ಶಿಸ್ತುಗಾರರಾಗಿ ಹುಟ್ಟಿದವರಲ್ಲ. ಹೆಣಗಳನ್ನು ಎಣಿಸಿ ಕಲಿತವರು. ಇದನ್ನು ಓದಿದ ಮೇಲೆ ನನ್ನ ಭಾಷಣದ ಅರ್ಧ ಉಸಿರು ಹೋಯಿತು.

ಉಳಿದ ಅರ್ಧ ಹೋದದ್ದು ನನ್ನ ಲೈಸೆನ್ಸಿನ ಹುಟ್ಟು ನೆನಪಾದಾಗ. ಅದನ್ನು ನಾನು ಪಡೆದದ್ದು ಓದಲು ಹೋಗಿದ್ದ ಒಂದು ದೂರದ ಊರಿನಲ್ಲಿ. ಆ ಊರಿನ ಹೆಸರು ಇಲ್ಲಿ ಬೇಡ. ಕಾಯಿದೆಯ ಪ್ರಕಾರ ಮೊದಲು ಕಲಿಯುವವನ ಲೈಸೆನ್ಸು ತೆಗೆದುಕೊಳ್ಳಬೇಕು. ಕನಿಷ್ಠ ಮೂವತ್ತು ದಿನ ಕಲಿಯಬೇಕು. ಆಮೇಲೆ ಇನ್‌ಸ್ಪೆಕ್ಟರರ ಮುಂದೆ ನಡೆಸಿ ತೋರಿಸಬೇಕು. ನಾನು ಒಬ್ಬ ಏಜಂಟನ ಕೈಗೆ ದುಡ್ಡು ಕೊಟ್ಟು, ಕಾಗದಗಳಿಗೆ ಸಹಿ ಹಾಕಿ, ಫೋಟೋಕ್ಕೆ ಮುಖ ಕೊಟ್ಟು ಬಂದೆ. ಕಾರಿನ ಬಾಗಿಲನ್ನು ಕೂಡ ಮುಟ್ಟಲಿಲ್ಲ. ಕಾರು ನಡೆಸಲು ಕಲಿತದ್ದು ಆನಂತರ, ಊರಿಗೆ ಬಂದು, ಅಣ್ಣನ ಹಳೆಯ ಗಾಡಿಯ ಮೇಲೆ, ಹೊಲದ ದಾರಿಯಲ್ಲಿ. ಚೆನ್ನಾಗಿಯೇ ಕಲಿತೆ ಎಂದು ನನ್ನ ನಂಬಿಕೆ. ಹತ್ತು ವರ್ಷ ಒಂದು ಅಪಘಾತವಿಲ್ಲ. ಲೈಸೆನ್ಸು ಮೊದಲು ಬಂತು, ಯೋಗ್ಯತೆ ಹಿಂದಿನಿಂದ ಬಂತು. ಬಂತಲ್ಲ, ಸಾಕು ಎಂದು ಮನಸ್ಸನ್ನು ಒಪ್ಪಿಸಿದ್ದೆ.

ಅಂತೂ ಪರೀಕ್ಷೆಗೆ ಕುಳಿತೆ. ಮೊದಲನೆಯದು ನಿಯಮಗಳ ಪರೀಕ್ಷೆ: ಐವತ್ತು ಪ್ರಶ್ನೆ, ನಲವತ್ತಮೂರಾದರೂ ಸರಿಯಿರಬೇಕು. ಪುಸ್ತಕ ಓದಿ ಪಾಸಾಗುವುದರಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ. ಅದು ಸಲೀಸಾಗಿ ಆಯಿತು. ಅದರ ಬೆನ್ನಿಗೇ ಹದಿನಾಲ್ಕು ಚಲನಚಿತ್ರದ ತುಣುಕುಗಳನ್ನು ತೋರಿಸುತ್ತಾರೆ. ಕಾರಿನೊಳಗಿಂದ ಕಾಣುವಂಥ ಬೀದಿ. ಅಪಾಯವೊಂದು ಮೂಡುವುದು ಕಂಡೊಡನೆ ಗುಂಡಿ ಒತ್ತಬೇಕು: ನಿಂತ ಗಾಡಿಯ ಮರೆಯಲ್ಲಿ ಒಂದು ಚೆಂಡು, ಕಾಲುದಾರಿಯ ಅಂಚಿಗೆ ಬಂದ ಒಂದು ಮಗು. ಬೇಗ ಕಂಡವನಿಗೆ ಹೆಚ್ಚು ಅಂಕ; ಅಪಾಯ ಎದುರಿಗೆ ಬಂದ ಮೇಲೆ ಕಂಡವನಿಗೆ ಸೊನ್ನೆ. ಎಪ್ಪತ್ತೈದಕ್ಕೆ ನಲವತ್ತನಾಲ್ಕು ಬೇಕು. ಅದನ್ನು ಕೂದಲೆಳೆಯಲ್ಲಿ ದಾಟಿದೆ. ಬ್ರೇಕು ಒತ್ತುವುದರಲ್ಲಿ ನಾನು ಚುರುಕು. ಬ್ರೇಕು ಒತ್ತುವ ಹೊತ್ತು ಬಾರದಂತೆ ನೋಡುವುದು ಬೇರೆ ವಿದ್ಯೆಯೆಂದು ಆ ದಿನ ಮೊದಲ ಸಲ ತಿಳಿಯಿತು.

ಕಡೆಯದು ರಸ್ತೆಯ ಪರೀಕ್ಷೆ. ಮೊದಲು ಇಪ್ಪತ್ತು ಮೀಟರ್ ದೂರದ ಗಾಡಿಯ ನಂಬರನ್ನು ಓದಿಸುತ್ತಾರೆ. ಆಮೇಲೆ ಸುಮಾರು ನಲವತ್ತು ನಿಮಿಷ ಪರೀಕ್ಷಕ ಪಕ್ಕದಲ್ಲಿ ಕುಳಿತು ಗುರುತು ಹಾಕುತ್ತಾನೆ. ಸಣ್ಣ ತಪ್ಪುಗಳು ಹದಿನೈದರವರೆಗೆ ಕ್ಷಮ್ಯ. ದೊಡ್ಡ ತಪ್ಪು ಒಂದಾದರೂ ಪರೀಕ್ಷೆ ಹೋಯಿತು. ಪರೀಕ್ಷಕ ನನಗಿಂತ ಕಿರಿಯ, ಮಾತು ಕಡಿಮೆ, ಮರ್ಯಾದಸ್ಥ. ನಾನು ಗಾಂಧಿ ಚೌಕನ್ನು ನೆನೆದು ಧೀರನಾಗಿ ನಡೆಸಿದೆ. ಗೇರು ಬದಲಿಸಿದ್ದು ಬೆಣ್ಣೆಯಲ್ಲಿ ಕೂದಲೆಳೆದಂತೆ. ಎಲ್ಲ ಮುಗಿದ ಮೇಲೆ ಅವನು, ‘ಕ್ಷಮಿಸಿ, ನೀವು ಪಾಸಾಗಲಿಲ್ಲ’ ಎಂದ. ಎಡಕ್ಕೆ ತಿರುಗುವಾಗ ಮೂರು ಸಲವೂ ನಾನು ಎಡಗನ್ನಡಿಯನ್ನಾಗಲಿ ಹೆಗಲ ಹಿಂದೆಯಾಗಲಿ ನೋಡಿರಲಿಲ್ಲ. ಸೈಕಲ್ಲಿನವರು ಬರುವುದು ಆ ಬದಿಯಲ್ಲೇ.

‘ಆದರೆ ಅಲ್ಲಿ ಯಾರೂ ಇರಲಿಲ್ಲವಲ್ಲ!’ ಎಂದೆ.

‘ಇರಲಿಲ್ಲವೆಂಬುದು ನನಗೆ ಗೊತ್ತು. ಏಕೆಂದರೆ ನಾನು ನೋಡಿದೆ. ನಿಮಗೆ ಹೇಗೆ ಗೊತ್ತು?’ ಎಂದ.

ಉತ್ತರಕುಮಾರನ ಪೌರುಷ ಒಲೆಯ ಮುಂದೆ ಎಂಬ ಗಾದೆ ನಮ್ಮಲ್ಲಿದೆ. ಆ ದಿನ ಒಲೆ ಬಹಳ ದೂರವಿತ್ತು.

ಆ ಪ್ರಶ್ನೆಯನ್ನು ನಾನು ಎಷ್ಟೋ ದಿನ ಹೊತ್ತು ತಿರುಗಿದೆ. ನಮ್ಮ ಕಡೆ ನಡತೆಯನ್ನು ಅಳೆಯುವುದು ಸಾಮಾನ್ಯವಾಗಿ ಅದರಿಂದ ಏನಾಯಿತು ಎಂಬುದರ ಮೇಲೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮೂವತ್ತು ಜನ ಕೂಲಿಯವರನ್ನು ಹೇರಿಕೊಂಡು ಬಂದವನಿಗೆ ಯಾರಾದರೂ ಅಂದರೆ, ‘ಏನೂ ಆಗಿಲ್ಲಲ್ಲ, ಬಿಡ್ರಿ’ ಎನ್ನುತ್ತಾನೆ, ಅಂದವನೂ ಬಿಡುತ್ತಾನೆ. ಏನೂ ಆಗದಿದ್ದರೆ ತಪ್ಪೇ ಇಲ್ಲ. ಆದರೆ ಮಾತ್ರ ಮಹಾಪಾಪ, ಜನ ಕಲ್ಲು ಹಿಡಿದು ನಿಲ್ಲುತ್ತಾರೆ. ಆದರೆ ವಿಚಾರ ಮಾಡಿ ನೋಡಿ. ಇಬ್ಬರು ಒಂದೇ ರೀತಿ, ನೋಡದೆ ತಿರುಗುತ್ತಾರೆ. ಒಬ್ಬನ ಗಾಲಿಗೆ ಯಾರೂ ಸಿಗುವುದಿಲ್ಲ. ಇನ್ನೊಬ್ಬನ ಗಾಲಿಗೆ ಒಂದು ಜೀವ ಸಿಗುತ್ತದೆ. ಇವರಿಬ್ಬರ ನಡುವಿನ ಅಂತರ ಯಾರ ಸಂಪಾದನೆ? ಮೊದಲನೆಯವನು ಇಪ್ಪತ್ತು ವರ್ಷ ‘ಒಂದು ಅಪಘಾತವಿಲ್ಲ’ ಎಂದು ಎದೆಯುಬ್ಬಿಸಿ ಹೇಳುವಾಗ ಹೊಗಳಿಕೊಳ್ಳುತ್ತಿರುವುದು ತನ್ನ ಶೀಲವನ್ನೋ, ದೈವವನ್ನೋ? ಫಲದ ಮೇಲೆ ಕಣ್ಣಿಡಬೇಡ, ಕರ್ಮದ ಮೇಲೆ ಇಡು ಎಂಬ ಮಾತನ್ನು ನಾವು ಮಗುವಾಗಿದ್ದಾಗಿನಿಂದ ಕೇಳಿದ್ದೇವೆ. ಅದನ್ನು ಹೇಳಿದವನು ಒಬ್ಬ ಸಾರಥಿ ಎಂಬುದನ್ನು ಮಾತ್ರ ಮರೆತಿದ್ದೇವೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಅದು ಹುರುಳಿಲ್ಲದ್ದೂ ಅಲ್ಲ. ಇಪ್ಪತ್ತು ವರ್ಷ ಘಟ್ಟದ ಮೇಲೆ ಲಾರಿ ನಡೆಸಿದ ನಮ್ಮವನೊಬ್ಬ ಪರದೇಶಕ್ಕೆ ಹೋದಾಗ ಅವನನ್ನು ಮೀಸೆ ಮೂಡದ ಹುಡುಗನ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವೆ? ಅವನ ಅನುಭವಕ್ಕೆ ಬೆಲೆಯಿಲ್ಲವೆ? ಪರೀಕ್ಷೆಗೂ ಪಾಠಕ್ಕೂ ತೆರಬೇಕಾದ ಹಣ ಬಡವನ ಹೊಟ್ಟೆಗೆ ಪೆಟ್ಟಲ್ಲವೆ? ಪಟ್ಟಿಯಲ್ಲಿರುವ ದೇಶದ ಸೋಮಾರಿಯನ್ನು ಸುಮ್ಮನೆ ಬಿಟ್ಟು, ಪಟ್ಟಿಯಲ್ಲಿಲ್ಲದ ದೇಶದ ಜಾಣನನ್ನು ತಡೆಯುವ ನಿಯಮ ಎಷ್ಟು ಕುರುಡು! ಇದೆಲ್ಲ ನಿಜ. ಆ ಲಾರಿಯವನ ಕೈಯಲ್ಲಿಯ ಕೌಶಲ್ಯ ಅವನದೇ. ಅದನ್ನು ಯಾವ ಗಡಿಯೂ ಕಸಿಯಲಾರದು. ಆದರೆ ಲೈಸೆನ್ಸು ಕೌಶಲ್ಯದ ಚೀಟಿ ಮಾತ್ರವಾಗಿದ್ದರೆ ಈ ವಾದಕ್ಕೆ ಎದುರಿಲ್ಲ. ಅದು ಇನ್ನೂ ಒಂದು ವಸ್ತು. ಎದುರಿನಿಂದ ಬರುವ ಅಪರಿಚಿತನು ನನ್ನ ಹೆಸರು ಕುಲ ಕೇಳದೆ, ಒಂದು ಮೊಳದ ಅಂತರದಲ್ಲಿ ನನ್ನನ್ನು ದಾಟಿ ಹೋಗುತ್ತಾನೆ. ರಸ್ತೆ ದಾಟುವ ಮುದುಕಿ ನನ್ನ ಗಾಡಿಯ ಮುಂದೆ ಬೆನ್ನು ತಿರುಗಿಸುತ್ತಾಳೆ. ಅವರು ಇಟ್ಟದ್ದು ವಿಶ್ವಾಸ. ಲೈಸೆನ್ಸು ಎಂಬುದು ಆ ವಿಶ್ವಾಸಕ್ಕೆ ಉತ್ತರವಾಗಿ ನಾನು ಮುಂಗಡ ಕೊಟ್ಟ ಮಾತು. ಕೌಶಲ್ಯವನ್ನು ಕಡಲಾಚೆಗೆ ಒಯ್ಯಬಹುದು. ಮಾತನ್ನು ಯಾರಿಗೆ ಕೊಟ್ಟಿರುತ್ತೇವೆಯೋ ಅವರಲ್ಲಿಯೇ ಬಿಟ್ಟುಹೋಗಬೇಕಾಗುತ್ತದೆ. ಹೊಸ ಜನರಿಗೆ ಅದನ್ನು ಹೊಸದಾಗಿ ಕೊಡಬೇಕು.

ನನ್ನ ಕಷ್ಟ ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ನಾನು ಹಳೆಯ ಜನರಿಗೂ ಆ ಮಾತನ್ನು ಕೊಟ್ಟಿರಲಿಲ್ಲ. ಏಜಂಟನ ಕೈಯಲ್ಲಿ ಕೊಡಿಸಿದ್ದೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರಕಾರದ ಲೆಕ್ಕ ಹೇಳುತ್ತದೆ. ಅದೇ ವರ್ಷ ಬ್ರಿಟನ್ನಿನಲ್ಲಿ ಸತ್ತವರು ಸುಮಾರು 1,700. ಜನಸಂಖ್ಯೆಯಲ್ಲಿ ನಾವು ಅವರ ಇಪ್ಪತ್ತು ಪಟ್ಟು ಇರಬಹುದು. ಸಾವಿನಲ್ಲಿ ನೂರು ಪಟ್ಟಿನ ಹತ್ತಿರ ಇದ್ದೇವೆ. ರಸ್ತೆ ಕೆಟ್ಟದ್ದು, ದೀಪವಿಲ್ಲ, ಆಸ್ಪತ್ರೆ ದೂರ ಎಂಬ ಕಾರಣಗಳೂ ಇವೆ. ಆದರೆ ಕೊಡದೆ ಕೊಂಡ ಮಾತುಗಳೂ ಆ ಲೆಕ್ಕದಲ್ಲಿ ಎಲ್ಲೋ ಸೇರಿವೆ; ನನ್ನದು ಸೇರಲಿಲ್ಲವೆಂಬುದು ನನ್ನ ಪುಣ್ಯವಲ್ಲ.

ಏಕೆಂದರೆ ಪರೀಕ್ಷಕನ ಆ ಮಾತು ಕೇಳಿದ ರಾತ್ರಿ ನನಗೆ ಒಂದು ಸಂಜೆ ನೆನಪಾಯಿತು. ಇಂಗ್ಲೆಂಡಿಗೆ ಹೋಗುವ ಎರಡು ಮೂರು ವರ್ಷ ಮೊದಲು, ದೀಪ ಹಚ್ಚುವ ಹೊತ್ತಿನಲ್ಲಿ, ನಮ್ಮೂರಲ್ಲೇ ಒಂದು ಓಣಿಯ ಕಡೆಗೆ ಎಡಕ್ಕೆ ತಿರುಗಿದೆ. ನೀರಿನ ಕೊಡ ಹೊತ್ತ ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಆ ಬದಿಯಲ್ಲೇ ಬರುತ್ತಿದ್ದಳು. ಅವಳು ಹಿಂದಕ್ಕೆ ಜಿಗಿದಳು. ತಾಮ್ರದ ಕೊಡ ಬಿದ್ದು ಗಾಲಿಗೆ ಸಿಕ್ಕಿತು. ನಾನು ಇಳಿದು, ‘ನೋಡಿ ಬರಬಾರ್ದೇನವಾ?’ ಎಂದು ಗದರಿಸಿದೆ. ಅವಳ ಆಯಿ ಒಳಗಿನಿಂದ ಓಡಿ ಬಂದು, ‘ತಪ್ಪಾತು ಯಪ್ಪಾ, ಸಣ್ಣ ಹುಡಿಗಿ, ತಿಳಿಲಿಲ್ಲ’ ಎಂದು ಕೈಮುಗಿದಳು. ನಾನು ಆ ಕ್ಷಮಾಪಣೆಯನ್ನು ಸ್ವೀಕರಿಸಿ ಮನೆಗೆ ಹೋಗಿ ಉಂಡೆ. ಹತ್ತು ವರ್ಷದ ‘ಒಂದು ಅಪಘಾತವಿಲ್ಲ’ ಎಂಬ ನನ್ನ ದಾಖಲೆಯನ್ನು ಉಳಿಸಿದವಳು ಆ ಹುಡುಗಿ. ನೋಡಿದವಳು ಅವಳು, ನೋಡದವನು ನಾನು, ಬೈಸಿಕೊಂಡವಳು ಅವಳು.

ಎರಡನೆಯ ಸಲ ಪಾಸಾದೆ. ಎಂಟು ವರ್ಷ ಅಲ್ಲಿದ್ದು ಈಗ ಊರಿಗೆ ಮರಳಿದ್ದೇನೆ. ಕಳೆದ ತಿಂಗಳು ಅಣ್ಣನ ಮಗ ಬಂದು ಕುಳಿತ. ಹದಿನೆಂಟು ತುಂಬಿದೆ, ಲೈಸೆನ್ಸು ಬೇಕು. ‘ಕಾಕಾ, ನಿಮಗ ಗುರ್ತಿನವ್ರು ಇದ್ದಾರಲ್ಲ, ಒಂದು ಮಾತು ಹೇಳ್ರಿ, ಕೆಲಸ ಲಗೂ ಆಗ್ತದ’ ಎಂದ. ನಾನು ಪರೀಕ್ಷೆಯ ಮಹಿಮೆಯನ್ನು ಕುರಿತು ಮೇಲೆ ಬರೆದದ್ದನ್ನೆಲ್ಲ ಅವನಿಗೆ ಹೇಳಿದೆ. ತಲೆಬಾಗಿ ಕೇಳಿದ. ಕಡೆಗೆ ವಿನಯದಿಂದಲೇ, ‘ಹೌದ್ರಿ ಕಾಕಾ. ಆದ್ರ ನಿಮ್ಮ ಕಿಸೆದಾಗ ಇರೋದು ಯಾವ ಲೈಸೆನ್ಸರಿ?’ ಎಂದ.

ಇರುವುದು ಅದೇ ಹಳೆಯದು. ಅದರ ಅವಧಿ ಇನ್ನೂ ಉಳಿದಿದೆ. ಕಾಯಿದೆಯ ಕಣ್ಣಿಗೆ ಅದರಲ್ಲಿ ಒಂದು ಕಲೆಯೂ ಕಾಣುವುದಿಲ್ಲ. ಪರದೇಶದಲ್ಲಿ ಪಾಸಾದದ್ದು ಈ ಹಳೆಯ ಸಾಲಕ್ಕೆ ಜಮೆಯಾಗುತ್ತದೆಯೆ? ನನ್ನ ಮನಸ್ಸು ಆಗುತ್ತದೆ ಎನ್ನುತ್ತದೆ. ಮನಸ್ಸಿನ ಸಾಕ್ಷಿಯನ್ನು ಇಂಥ ವಿಷಯದಲ್ಲಿ ನಂಬಬಾರದೆಂದು ಕಲಿತಿದ್ದೇನೆ. ಹುಡುಗನಿಗೆ ಉತ್ತರ ಕೊಡಲಾಗಲಿಲ್ಲ. ಅವನು ಮಾತ್ರ ಯಾರಿಗೂ ಮಾತು ಹೇಳಿಸದೆ ಕಲಿಯುವವನ ಲೈಸೆನ್ಸು ತಂದಿದ್ದಾನೆ. ಸಂಜೆ ನಾನು ಪಕ್ಕದಲ್ಲಿ ಕುಳಿತು ಕಲಿಸುತ್ತೇನೆ.

ಮೊನ್ನೆ ಆ ಆಯಿಯ ಮನೆಗೆ ಹೋಗಿದ್ದೆ. ಹಳೆಯ ಮಾತನ್ನು ತೆಗೆದು, ತಪ್ಪು ನನ್ನದಿತ್ತು ಎಂದೆ. ‘ಯಾವಾಗಿನ ಮಾತೋ ಯಪ್ಪಾ ಇದು!’ ಎಂದು ನಕ್ಕು, ಒಳಗೆ ಹೋಗಿ ಒಂದು ಕೊಡ ತಂದು ತೋರಿಸಿದಳು. ಒಂದು ಮಗ್ಗುಲು ಒಳಕ್ಕೆ ಹೋಗಿದೆ. ‘ನೆಗ್ಗೇದ ಖರೆ, ಸೋರೂದಿಲ್ಲ. ಇನ್ನೂ ಇದರಾಗ ನೀರು ತರ್ತೇವಿ’ ಎಂದಳು. ಚಹಾ ಕುಡಿಸದೆ ಬಿಡಲಿಲ್ಲ.

ಆದರೆ ನಾನು ಗದರಿಸಿದ್ದು ಆಯಿಯನ್ನಲ್ಲ. ಆ ಹುಡುಗಿಗೆ ಮದುವೆಯಾಗಿದೆ. ಜತ್ತದ ಕಡೆಯ ಒಂದು ಹಳ್ಳಿಯಲ್ಲಿ ಇದ್ದಾಳೆ. ನನ್ನ ಲೈಸೆನ್ಸು ಅಲ್ಲಿಗೂ ನಡೆಯುತ್ತದೆ. ಇನ್ನೂ ಹೋಗಿಲ್ಲ. ಅಣ್ಣನ ತೋಟದ ದ್ರಾಕ್ಷಿ ಕಟಾವು ಮುಗಿದ ಮೇಲೆ ಹೋಗಬೇಕೆಂದಿದ್ದೇನೆ.